ಹಳೆಯ ರಾಕ್ ಅಂಡ್ ರೋಲ್ ಹಾಡು ಹಾಕುವ ಮುಂಚೆ

ಗೆಳೆಯರೇ, ಗುಂಪಿನಲ್ಲಿ 50ರ ದಶಕದ ಹಾಡು ಹಾಕುವಾಗ ಅದು ಯಾವ ವರ್ಷದ ರೀಮಾಸ್ಟರ್ (ಹಳೆಯ ರೆಕಾರ್ಡಿಂಗ್‌ನ ಸದ್ದನ್ನು ಮತ್ತೆ ಹದಗೊಳಿಸಿ ಹೊರತಂದ ಪ್ರತಿ) ಅಂತ ಒಂದು ಸಾಲು ಬರೆಯಿರಿ. ಮೋನೋ, ಅಂದರೆ ಎಲ್ಲ ಸದ್ದೂ ಒಂದೇ ಚಾನೆಲ್‌ನಲ್ಲಿರುವ ಪ್ರತಿ, ಸಿಕ್ಕರೆ ಅದನ್ನೇ ಹಾಕಿ.

ಯಾಕೆ ಅಂದರೆ, ಎಲ್ವಿಸ್ ಪ್ರೀಸ್ಲಿ 1954ರ ಜುಲೈನಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋದಲ್ಲಿ ಹಾಡಿದ 'ದಟ್ಸ್ ಆಲ್ ರೈಟ್' ಕೇಳಿ. ಅದರಲ್ಲಿ ಡ್ರಮ್ಸ್ ಇಲ್ಲ. ಜೊತೆಗಾರ ಬಿಲ್ ಬ್ಲ್ಯಾಕ್ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ತಂತಿ ಎಳೆದು ಬಡಿಯುವ ಟಕಟಕ ಸದ್ದೇ ತಾಳ. ಟೇಪಿನ ಸುಯ್ ಸದ್ದು ತೆಗೆಯುವ ಭರದಲ್ಲಿ ಜಾಸ್ತಿ ಉಜ್ಜಿದರೆ ಆ ಟಕಟಕವೂ ಮಂಕಾಗುತ್ತದೆ. ಇನ್ನು ಆ ಸ್ಟುಡಿಯೋದ ಎಕೋ. ಸದ್ದನ್ನು ಎರಡನೇ ಟೇಪ್ ಯಂತ್ರಕ್ಕೂ ಕಳಿಸುತ್ತಿದ್ದರು. ಟೇಪು ಸದ್ದು ದಾಖಲಿಸುವ ರೆಕಾರ್ಡ್ ಹೆಡ್‌ನಿಂದ ಅದನ್ನು ನುಡಿಸುವ ಪ್ಲೇಬ್ಯಾಕ್ ಹೆಡ್‌ಗೆ ಬರುವಷ್ಟು ತಡವಾಗಿ ಬಂದ ಸದ್ದನ್ನು ಮತ್ತೆ ಬೆರೆಸುತ್ತಿದ್ದರು. ಎಷ್ಟು ಚಂದದ ಉಪಾಯ! ಅದರ ಮೇಲೆ ಇನ್ನಷ್ಟು ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಕೇಳುವಂಥ ಗುಂಯ್‌ಗುಡುವಿಕೆ) ಸುರಿಯುವುದು ಅನ್ಯಾಯ ಅಲ್ವಾ?

60ರ ದಶಕದಲ್ಲಿ ಆರ್‌ಸಿಎ ಎಂಬ ರೆಕಾರ್ಡ್ ಕಂಪನಿ ಎಲ್ವಿಸ್‌ನ ಮೋನೋ ಹಾಡುಗಳನ್ನು ಕೃತಕ ಸ್ಟೀರಿಯೋ (ಎರಡು ಚಾನೆಲ್‌ನಲ್ಲಿ ರೆಕಾರ್ಡ್ ಆದಂತೆ ಕೇಳಿಸುವ ಪ್ರತಿ) ಮಾಡಿ ಮಾರಿತು. ಅವನ್ನು ದಯವಿಟ್ಟು ಹಾಕಬೇಡಿ.

ಎರಡು ರೀಮಾಸ್ಟರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಂಡು ಕೇಳಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಸುಲಭವಾಗಿ ನಂಬಿಬಿಡುತ್ತದೆ. ಮೂಲ ಟೇಪಿನಿಂದ ಮಾಡಿದ ಒಳ್ಳೆಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಆಲ್ಬಮ್ ಹೆಸರು ಇಲ್ಲೇ ತಿಳಿಸಿ.