ಅಮರ್ಶಮ್ ನಿಲ್ದಾಣಕ್ಕೆ ಬಂದ ಹೊಸ ಗಾಡಿ

ಅಮರ್ಶಮ್, ಇಂಗ್ಲೆಂಡ್
14 ಅಕ್ಟೋಬರ್ 2012

ತೀರ್ಥರೂಪು ತಂದೆಯವರಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಚಳಿ ಶುರುವಾಗಿದೆ, ಅಮ್ಮ ಹೆಣೆದುಕೊಟ್ಟ ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಅವರಿಗೆ ಹೇಳಿ.

ನೆಲದೊಳಗೆ ಓಡುವ ರೈಲನ್ನು ನೆಲದೊಳಕ್ಕೆ ಇಳಿಸುವುದಾದರೂ ಹೇಗೆ ಎಂದು ಹೋದ ಪತ್ರದಲ್ಲಿ ಕೇಳಿದ್ದಿರಿ. ಉತ್ತರ ನಾನಾಗಿ ಹುಡುಕಬೇಕಾಗಲಿಲ್ಲ, ಮೊನ್ನೆ ಕಣ್ಣೆದುರಿಗೇ ಬಂದು ನಿಂತಿತು. ರೈಲ್ವೆಯಲ್ಲಿ ಗಾಡಿಗಳಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಅಷ್ಟು ವರ್ಷ ದುಡಿದ ನೀವು ಪಕ್ಕದಲ್ಲಿ ಇರಬೇಕಿತ್ತು ಎಂದು ಆ ಹೊತ್ತಿನಲ್ಲಿ ಎಷ್ಟು ಅನಿಸಿತೋ ಹೇಳಲಾರೆ.

ನಾನಿರುವ ಅಮರ್ಶಮ್ ಲಂಡನ್ ಸುರಂಗ ರೈಲಿನ ಮೆಟ್ರೊಪಾಲಿಟನ್ ಮಾರ್ಗದ ಕೊನೆಯ ನಿಲ್ದಾಣಗಳಲ್ಲಿ ಒಂದು. ಇಲ್ಲಿ ಸುರಂಗವೇನೂ ಇಲ್ಲ, ಸುತ್ತ ಗುಡ್ಡ, ಮರ. ಇದೇ ಹಳಿಗಳ ಮೇಲೆ ಸುರಂಗ ರೈಲೂ ಓಡುತ್ತದೆ, ಐಲ್ಸ್‌ಬರಿಯ ಕಡೆಗೆ ಹೋಗುವ ಮಾಮೂಲಿ ಡೀಸೆಲ್ ರೈಲೂ ಓಡುತ್ತದೆ. ಸುರಂಗ ರೈಲಿಗೆ ಕರೆಂಟ್ ಕೊಡುವ ಹಳಿ ಇಲ್ಲಿಗೆ ಮುಗಿಯುತ್ತದೆ, ಆದರೆ ಗಾಡಿ ಉರುಳುವ ಹಳಿ ಮುಗಿಯುವುದಿಲ್ಲ. ಅದು ಹಾಗೆಯೇ ಮುಂದುವರಿದು ಇಡೀ ದೇಶದ ರೈಲುಮಾರ್ಗಕ್ಕೆ ಸೇರಿಕೊಳ್ಳುತ್ತದೆ. ಎರಡೂ ಕಡೆ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಒಂದೇ: 1435 ಮಿಲಿಮೀಟರ್. ಮೀಟರ್ ಗೇಜ್ ಗಾಡಿಯಿಂದ ಬ್ರಾಡ್ ಗೇಜ್ ಗಾಡಿಗೆ ಹಮಾಲರು ಮೂಟೆ ಹೊತ್ತು ಹಾಕುತ್ತಿದ್ದುದನ್ನು ನೀವು ಹೇಳುತ್ತಿದ್ದಿರಲ್ಲ, ಆ ಪಾಡು ಇಲ್ಲಿಲ್ಲ.

ಗುರುವಾರ ಸಂಜೆ ಕೆಲಸದಿಂದ ಬಂದು ಇಳಿದಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಾಲ್ಕಾರು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ನಾನೂ ನಿಂತೆ. ಉತ್ತರದ ಕಡೆಯಿಂದ ಮೊದಲು ಸದ್ದು ಬಂತು, ಆಮೇಲೆ ಮೂತಿ ಉದ್ದನೆಯ ಎರಡು ಹಳೆಯ ಡೀಸೆಲ್ ಎಂಜಿನ್‌ಗಳು. ಇವನ್ನು ಕ್ಲಾಸ್ 20 ಎನ್ನುತ್ತಾರೆ, 1957ರಿಂದ 1968ರವರೆಗೆ ಕಟ್ಟಿದವು. ಅವುಗಳ ಹಿಂದೆ ಒಂದು ವ್ಯಾಗನ್, ಅದರ ಹಿಂದೆ ಏಳು ಬೋಗಿಗಳ ಹೊಚ್ಚ ಹೊಸ ಗಾಡಿ, ಮತ್ತೊಂದು ವ್ಯಾಗನ್, ಬಾಲದಲ್ಲಿ ಮತ್ತೆರಡು ಎಂಜಿನ್. ಹೊಸ ಗಾಡಿಯಲ್ಲಿ ಒಂದು ದೀಪವೂ ಇರಲಿಲ್ಲ. ಕಿಟಕಿಯೊಳಗೆ ನೋಡಿದರೆ ಹಳದಿ ಕಂಬಗಳು ಸಾಲಾಗಿ, ಬೋಗಿಗಳ ನಡುವೆ ಬಾಗಿಲೇ ಇಲ್ಲದೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಜಾರದಂತೆ ಕಾಣುತ್ತಿತ್ತು. ಇನ್ನೂ ಒಬ್ಬ ಪ್ರಯಾಣಿಕನೂ ಕುಳಿತಿರದ ಸೀಟುಗಳು! ಅದನ್ನು ತಯಾರಿಸಿದ್ದು ಡರ್ಬಿಯಲ್ಲಿ. ಅಲ್ಲಿಂದ ಓಲ್ಡ್ ಡಾಲ್ಬಿ ಎಂಬಲ್ಲಿನ ಪರೀಕ್ಷಾ ಮಾರ್ಗದಲ್ಲಿ ಓಡಿಸಿ ನೋಡಿ, ಆಮೇಲೆ ಹೀಗೆ ಎಳೆದು ತರುತ್ತಾರೆ. ಇಂಥ 190ಕ್ಕೂ ಹೆಚ್ಚು ಗಾಡಿಗಳು ಬರಬೇಕು.

ಎಂಜಿನ್ನಿಗೂ ಗಾಡಿಗೂ ನಡುವೆ ಆ ವ್ಯಾಗನ್ ಏಕೆ ಎಂದು ನೀವು ಆಗಲೇ ಊಹಿಸಿರುತ್ತೀರಿ. ಎಂಜಿನ್ನಿಗೆ ಕೊಕ್ಕೆ, ಸರಪಳಿ, ಡಿಕ್ಕಿಯ ಏಟು ತಡೆಯುವ ಬಫರ್. ಸುರಂಗ ರೈಲಿನ ಕೊಂಡಿ ತಾನಾಗಿ ಕಚ್ಚಿಕೊಳ್ಳುವ ಬೇರೆಯೇ ಜಾತಿಯದು. ಒಂದಕ್ಕೊಂದು ಕೂಡುವುದಿಲ್ಲ. ಹಾಗಾಗಿ ನಡುವಿನ ವ್ಯಾಗನ್ನಿನ ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಸುರಂಗ ರೈಲಿನ ಕೊಂಡಿ. ಬೇರೆ ಬೇರೆ ಭಾಷೆಯ ಇಬ್ಬರ ನಡುವೆ ಕುಳಿತ ದುಭಾಷಿಯ ಹಾಗೆ. ಆ ಕೊಕ್ಕೆಯನ್ನು ನಾನು ತುಂಬ ಹೊತ್ತು ನೋಡಿದೆ. ಗ್ರೀಸು ಮೆತ್ತಿ ಕಪ್ಪಾಗಿತ್ತು, ಸವೆದ ಕಡೆ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ನಿಮ್ಮ ಅಂಗೈ ನೆನಪಾಯಿತು.

ಎಲ್ಲ ಮಾರ್ಗಗಳಿಗೂ ಈ ಭಾಗ್ಯವಿಲ್ಲ. ವಿಕ್ಟೋರಿಯಾ ಮಾರ್ಗದ ಹೊಸ ಗಾಡಿಗಳು ಅದೇ ಮಾರ್ಗದ ಹಳೆಯವುಗಳಿಗಿಂತ 40 ಮಿಲಿಮೀಟರ್ ಅಗಲ. ಅಷ್ಟಕ್ಕೇ ಅವು ಬೇರೆ ಸುರಂಗಗಳಲ್ಲಿ ತೂರುವುದಿಲ್ಲ, ಲಾರಿಯ ಮೇಲೆ ರಸ್ತೆಯಲ್ಲೇ ಡಿಪೋಗೆ ಬಂದವು. ವಾಟರ್ಲೂ ಮತ್ತು ಸಿಟಿ ಎಂಬ ಪುಟ್ಟ ಮಾರ್ಗವಂತೂ ಯಾವ ಹಳಿಗೂ ಸೇರಿಲ್ಲ, ಬೋಗಿಗಳನ್ನು ಕ್ರೇನಿನಿಂದ ಎತ್ತಿ ಕೆಳಗಿಳಿಸಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಮೆಟ್ರೊಪಾಲಿಟನ್ ಜಗತ್ತಿನ ಮೊದಲ ಸುರಂಗ ರೈಲು, 1863ರ ಜನವರಿ 10ರಂದು ಶುರುವಾದದ್ದು. ಬರುವ ಜನವರಿಗೆ 150 ವರ್ಷ ತುಂಬುತ್ತದೆ. ಅಂದು ಅದರ ಬಳಿ ಸ್ವಂತ ಗಾಡಿಗಳೇ ಇರಲಿಲ್ಲ. ಗ್ರೇಟ್ ವೆಸ್ಟರ್ನ್ ಕಂಪನಿ ತನ್ನ ಏಳಡಿ ಅಗಲದ ಹಳಿಯ ಎಂಜಿನ್ನು, ಬೋಗಿಗಳನ್ನು ಕೊಟ್ಟಿತ್ತು. ಏಳೆಂಟು ತಿಂಗಳಲ್ಲಿ ಜಗಳವಾಗಿ ಗ್ರೇಟ್ ವೆಸ್ಟರ್ನ್ ಗಾಡಿಗಳನ್ನು ವಾಪಸು ಕರೆಸಿಕೊಂಡಿತು. ಸುರಂಗದಲ್ಲಿ ಎರಡೂ ಗೇಜಿನ ಹಳಿ ಹಾಕಿದ್ದರಿಂದ ಗ್ರೇಟ್ ನಾರ್ದರ್ನ್ ಕಂಪನಿಯ ಗಾಡಿಗಳನ್ನು ಎರವಲು ತಂದು ಓಡಿಸಿದರು. ಹೊರಗಿನ ಹಳಿಗೆ ಜೋಡಣೆ ಇಲ್ಲದಿದ್ದರೆ ಜಗತ್ತಿನ ಮೊದಲ ಸುರಂಗ ರೈಲು ಅದೇ ವರ್ಷ ಬಾಗಿಲು ಹಾಕಿಕೊಳ್ಳುತ್ತಿತ್ತೋ ಏನೋ.

ಗುರುವಾರದ ಮಾತಿಗೆ ಬರುತ್ತೇನೆ. ಎಂಜಿನ್ನುಗಳನ್ನೂ ವ್ಯಾಗನ್ನುಗಳನ್ನೂ ಬಿಡಿಸಿದರು. ಇಲ್ಲಿ ಕರೆಂಟಿಗೆ ಎರಡು ಹಳಿ: ಪಕ್ಕದಲ್ಲಿ ಒಂದು, ಗಾಡಿಯ ಎರಡು ಹಳಿಗಳ ನಡುವೆ ಇನ್ನೊಂದು, ಎರಡರ ಮಧ್ಯೆ 630 ವೋಲ್ಟ್. ಸ್ವಲ್ಪ ಹೊತ್ತಿಗೆ ಗಾಡಿಯ ಅಡಿಯಲ್ಲಿ ಏನೋ ಗುಂಯ್ ಎಂದಿತು, ಒಂದೇ ಸಲಕ್ಕೆ ಏಳೂ ಬೋಗಿಗಳ ದೀಪ ಹೊತ್ತಿಕೊಂಡವು. ಮೈ ಜುಮ್ಮೆಂದಿತು, ಅಪ್ಪ. ಅಲ್ಲಿಂದ ನೀಸ್ಡನ್ ಡಿಪೋವರೆಗೆ ಅದು ತನ್ನ ಬಲದಿಂದಲೇ ಹೋಗುತ್ತದಂತೆ.

ಒಂದು ವಿಷಯ ನಿಮ್ಮನ್ನೇ ಕೇಳಬೇಕು. ಕೊಕ್ಕೆ ಬಿಡಿಸಿದವನು ಮೊದಲು ಗಾಳಿಯ ಕೊಳವೆಯ ಕೀಲಿ ತಿರುಗಿಸಿ, ಕೊಳವೆ ಬಿಚ್ಚಿ, ಆಮೇಲೆ ಸರಪಳಿ ಸಡಿಲಿಸಿದ. ನಿಮ್ಮ ಕಾಲದ ವ್ಯಾಕ್ಯೂಮ್ ಬ್ರೇಕಿನ ಗಾಡಿಗಳಲ್ಲೂ ಇದೇ ಕ್ರಮವಿತ್ತೇ? ಮರೆಯದೆ ಬರೆಯಿರಿ. ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು