ಪದಕದ ಜೊತೆ ಸೈಟೇಷನ್ ಕೂಡ ಅಚ್ಚು ಹಾಕಿ

ಮಾನ್ಯರೇ,

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ಸೇನೆಯ ಶೌರ್ಯ ಪದಕಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. ಹೆಸರು, ರ‍್ಯಾಂಕ್, ಪದಕದ ಹೆಸರು, ಚಿಕ್ಕದೊಂದು ಫೋಟೊ. ಆ ಮನುಷ್ಯ ಮಾಡಿದ್ದೇನು ಅನ್ನೋದು ಮಾತ್ರ ಹೆಚ್ಚಿನ ಸಲ ಇರುವುದೇ ಇಲ್ಲ. ಅದನ್ನೂ ಅಚ್ಚು ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಇನ್‌ಫೆಂಟ್ರಿ ಬೆಟಾಲಿಯನ್ನಿನಲ್ಲಿ ಕ್ಲರ್ಕ್ ಆಗಿ ಸೇರಿ ಸುಬೇದಾರ್ ಆಗಿ ನಿವೃತ್ತನಾದವನು. ಗುಂಡಿಗೆ ಎದೆ ಕೊಟ್ಟವರ ಕಾಗದಪತ್ರ ನನ್ನ ಟೇಬಲ್ ಮೇಲೆ ಬರುತ್ತಿತ್ತು. ಕಾರ್ಯಾಚರಣೆ ಮುಗಿದ ಮೇಲೆ ಬೆಟಾಲಿಯನ್ನಿನ ಮುಖ್ಯಸ್ಥರಾದ ಸಿಒ ಸಾಹೇಬರು ಇಂಥವನಿಗೆ ಪದಕ ಸಿಗಬೇಕು ಎಂದು ಶಿಫಾರಸು ಮಾಡುತ್ತಾರೆ. ಎಲ್ಲಿ, ಯಾವಾಗ, ಯಾವ ಪರಿಸ್ಥಿತಿಯಲ್ಲಿ ಅವನು ಏನು ಮಾಡಿದ ಎಂಬ ವಿವರ ಅದರಲ್ಲಿ ಇರಬೇಕು. ಅದನ್ನೇ ಸೈಟೇಷನ್ ಅನ್ನುವುದು. ಕಣ್ಣಾರೆ ಕಂಡವರ ಹೇಳಿಕೆಯೂ ಜೊತೆಗೆ ಬೇಕು. ಅಲ್ಲಿಂದ ಆ ಕಾಗದ ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್, ಸೇನೆಯ ಮುಖ್ಯ ಕಚೇರಿ, ರಕ್ಷಣಾ ಸಚಿವಾಲಯ ದಾಟಿ ಕೊನೆಗೆ ರಾಷ್ಟ್ರಪತಿಗಳ ಹತ್ತಿರ ಹೋಗುತ್ತದೆ. ಪ್ರತಿ ಮೆಟ್ಟಿಲಲ್ಲೂ ತೂಗಿ ನೋಡುತ್ತಾರೆ. ವೀರ ಚಕ್ರಕ್ಕೆ ಹೋದ ಶಿಫಾರಸು ಅದಕ್ಕಿಂತ ಕೆಳಗಿನ ಸೇನಾ ಮೆಡಲ್ ಆಗಿ ಬರಬಹುದು. ಏನೂ ಆಗದೆ ಅಲ್ಲಿಗೇ ನಿಲ್ಲಲೂಬಹುದು.

ಕಷ್ಟ ಇರುವುದು ಆ ಹೇಳಿಕೆ ಬರೆಸುವಾಗ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಒಬ್ಬ ಹುಡುಗ ನನ್ನ ಎದುರು ಸ್ಟೂಲ್ ಮೇಲೆ ಕೂತಿದ್ದ. ಜೊತೆಗಾರ ಏನು ಮಾಡಿದ ಎಂದು ಕೇಳಿದರೆ ಗಳಗಳ ಹೇಳಿದ. ಬಂಡೆಯ ಮರೆ, ಅಲ್ಲಿಂದ ಎಷ್ಟು ದೂರ, ಎಷ್ಟು ಗ್ರೆನೇಡ್ ಉಳಿದಿತ್ತು, ಎಲ್ಲ ನೆನಪಿತ್ತು. ನೀನೇನು ಮಾಡಿದೆ ಎಂದು ಕೇಳಿದೆ. 'ನಾನು ಹಿಂದಿನಿಂದ ಮ್ಯಾಗಜಿನ್ ಕೊಡ್ತಾ ಇದ್ದೆ ಸಾಬ್, ಅಷ್ಟೇ' ಅಂದ. ಮ್ಯಾಗಜಿನ್ ಅಂದರೆ ಬಂದೂಕಿಗೆ ಹಾಕುವ ಗುಂಡಿನ ಡಬ್ಬಿ. ಮತ್ತೆ ಮತ್ತೆ ಕೇಳಿದ ಮೇಲೆ ಗೊತ್ತಾಯಿತು. ಆ ಮ್ಯಾಗಜಿನ್ ಮುಟ್ಟಿಸಲು ಯಾವ ಮರೆಯೂ ಇಲ್ಲದ ಜಾಗದಲ್ಲಿ ತೆವಳಿಕೊಂಡು ಹೋಗಿ ಬಂದಿದ್ದ, ಒಂದು ಸಲ ಅಲ್ಲ. ಅವನ ಜೊತೆಗಾರನಿಗೆ ಪದಕ ಬಂತು. ಅವನಿಗೆ ಬರಲಿಲ್ಲ. ಆದರೆ ಜೊತೆಗಾರನ ಸೈಟೇಷನ್‌ನಲ್ಲಿ ಇದ್ದದ್ದು ಹೆಚ್ಚುಕಡಿಮೆ ಇವನ ಮಾತೇ. ಪದಕ ತೊಟ್ಟವರು 'ಇದು ನನ್ನೊಬ್ಬನದಲ್ಲ, ನನ್ನ ಸೆಕ್ಷನ್‌ದು (ಜೊತೆಗಿದ್ದ ಚಿಕ್ಕ ತಂಡದ್ದು)' ಎಂದು ವೇದಿಕೆ ಮೇಲೆ ಹೇಳಿದರೆ ಬಾಯಿಮಾತಿಗೆ ಹೇಳುತ್ತಾರೆ ಅಂದುಕೊಳ್ಳಬೇಡಿ. ಅವರಿಗೆ ಆ ಹುಡುಗನ ಮುಖ ನೆನಪಿರುತ್ತದೆ.

ಕಂಡವರೇ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಉದಾಹರಣೆ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಮಿಸ್ಟಿಯರ್ ವಿಮಾನದಲ್ಲಿ ಹೋದರು. ವಾಪಸು ಬರಲಿಲ್ಲ. ನಮ್ಮವರ ಲೆಕ್ಕದಲ್ಲಿ ಕಾಣೆಯಾದವರು. ಅವರು ತಮ್ಮ ವಿಮಾನಕ್ಕಿಂತ ಸುಮಾರು ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಎಫ್-104 ಸ್ಟಾರ್‌ಫೈಟರ್ ಜೊತೆ ಸೆಣಸಿ ಅದನ್ನು ಉರುಳಿಸಿದ್ದರು ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ವರ್ಷಗಳ ನಂತರ ಆ ಕಡೆಯ ವಿವರಗಳಿಂದಲೇ ಅದು ಹೊರಬಂತು. 1988ರಲ್ಲಿ, ಅಂದರೆ 23 ವರ್ಷ ಕಳೆದ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅಷ್ಟು ವರ್ಷವೂ ಅವರ ಶೌರ್ಯ ಇದ್ದಷ್ಟೇ ಇತ್ತು, ಬರೆದು ಕೊಡುವವರು ಇರಲಿಲ್ಲ ಅಷ್ಟೇ.

ಸಮಾರಂಭಗಳಲ್ಲಿ ನಿರೂಪಕರು 'ಇಷ್ಟು ಪದಕ ಗೆದ್ದ ವೀರ' ಎಂದು ಎಣಿಸಿ ಹೇಳುವುದು ಕೇಳಿ ನಮ್ಮವರಿಗೇ ಮುಜುಗರ ಆಗುತ್ತದೆ. ಎದೆ ಮೇಲಿನ ಎಲ್ಲ ಪದಕ ಒಂದೇ ಅಲ್ಲ. 1997ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಸ್ವಾತಂತ್ರ್ಯದ 50ನೇ ವರ್ಷದ ಮೆಡಲ್ ಸಿಕ್ಕಿತು. 9 ವರ್ಷ, 20 ವರ್ಷ ಸೇವೆಗೆ ಬೇರೆ ಬೇರೆ ಇದೆ. ಸಿಯಾಚಿನ್‌ಗೆ ಒಂದು, ಎತ್ತರದ ಪ್ರದೇಶಕ್ಕೆ ಒಂದು. ಇವೂ ಸುಮ್ನೆ ಬಂದವಲ್ಲ, ಸಿಯಾಚಿನ್ ಪದಕ ಇರುವವನ ಬೆರಳುಗಳನ್ನು ಒಮ್ಮೆ ನೋಡಿ. ಆದರೆ ಅವು ಸೇವೆಯ ಗುರುತು. ಶತ್ರುವಿನಿಂದ ಗಾಯಗೊಂಡವರಿಗೆ ಪರಾಕ್ರಮ ಪದಕ. ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರ. ಉಳಿದ ಸಂದರ್ಭಗಳ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರ. 2008ರ ಮುಂಬೈ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಪರಮವೀರ ಚಕ್ರ ಯಾಕಿಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆ ಕೊಟ್ಟ ಅಶೋಕ ಚಕ್ರ ಆ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಇದನ್ನು ಓದುಗರಿಗೆ ಪತ್ರಿಕೆಯಲ್ಲದೆ ಯಾರು ಹೇಳಬೇಕು?

ಇಬ್ಬರು ಮಾಜಿ ಸೈನಿಕರು ಭೇಟಿಯಾದರೆ ಎಣಿಸುವುದಿಲ್ಲ, ಬಣ್ಣ ನೋಡುತ್ತೇವೆ. ಎದೆಯ ನಡುಭಾಗಕ್ಕೆ ಹತ್ತಿರ ಅರ್ಧ ಕಡುನೀಲಿ ಅರ್ಧ ಕಿತ್ತಳೆ ರಿಬ್ಬನ್ ಕಂಡರೆ ಅದು ವೀರ ಚಕ್ರ. ಮಾತು ಅಲ್ಲೇ ನಿಲ್ಲುತ್ತದೆ. ಆಮೇಲೆ ನಾವು ಕೇಳುವುದು ಎರಡೇ ಮಾತು. ಯಾವ ಯೂನಿಟ್? ಎಲ್ಲಿ?

ಊರವರು ಕೇಳುವುದು ಬೇರೆ: ಎಷ್ಟು ದುಡ್ಡು ಬಂತು? ಸೈಟ್ ಕೊಟ್ಟರಾ? ಕೇಳುವುದರಲ್ಲಿ ತಪ್ಪಿಲ್ಲ, ಹೇಳುತ್ತೇನೆ. 2017ರಲ್ಲಿ ಕೇಂದ್ರ ಸರ್ಕಾರ ಪದಕದ ಭತ್ಯೆಯನ್ನು ದುಪ್ಪಟ್ಟು ಮಾಡಿದಾಗ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ, ವೀರ ಚಕ್ರಕ್ಕೆ 7,000, ಶೌರ್ಯಕ್ಕಾಗಿ ಬಂದ ಸೇನಾ ಮೆಡಲ್‌ಗೆ 2,000 ಆಯಿತು. ರಾಜ್ಯಗಳು ಕೊಡುವ ಇಡಿಗಂಟು ಒಂದೊಂದು ಕಡೆ ಒಂದೊಂದು ಥರ. ಒಂದೇ ಪದಕ, ಒಂದೇ ಯುದ್ಧ, ಆದರೂ ಹುಟ್ಟಿದ ರಾಜ್ಯ ನೋಡಿ ಮೊತ್ತ ಬದಲಾಗುವುದು ಸರಿಯಲ್ಲ. ಅದನ್ನು ಸರ್ಕಾರಗಳು ಕೂತು ಸರಿಪಡಿಸಬೇಕು. ಪದಕ ಪಡೆದವರು ಜೋಪಾನ ಮಾಡುವುದು ಮಾತ್ರ ಬೇರೆಯದನ್ನು. ಪದಕದ ಅಂಚಿನಲ್ಲಿ ಅವರ ನಂಬರ್, ಹೆಸರು ಕೊರೆದಿರುತ್ತದೆ. ಸೈಟೇಷನ್ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಟ್ಟಿರುತ್ತಾರೆ.

ಆ ಕಾಗದ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇರುತ್ತದೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ಒಮ್ಮೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಪದಕ ಬಂದು ಎಷ್ಟೋ ಕಾಲವಾಗಿತ್ತು. ಅವರ ಭಾಷೆಯಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ. ಗಾಯಗೊಂಡ ಜೊತೆಗಾರನನ್ನು ಎಳೆದು ತಂದ ಭಾಗಕ್ಕೆ ಬಂದಾಗ ನನ್ನನ್ನು ತಡೆದರು.

'ಆ ಹುಡುಗ ಉಳಿದನಾ?'

'ಉಳಿದ ಅಮ್ಮಾ.'

'ಹಂಗಾದ್ರೆ ಮುಂದೆ ಓದಪ್ಪ' ಅಂದರು.

ಸಂಪಾದಕರೇ, ಪಟ್ಟಿ ಹಾಕುವ ದಿನ ಕನ್ನಡದ ಹುಡುಗರು ಇದ್ದರೆ ಒಬ್ಬೊಬ್ಬರಿಗೆ ನಾಲ್ಕೈದು ಸಾಲು ಜಾಗ ಕೊಡಿ. ಅದು ವೀರ ಚಕ್ರವೋ, ಸೇನಾ ಮೆಡಲ್ಲೋ ಎಂದು ಸರಿಯಾಗಿ ಹೆಸರಿಸಿ, ಸುಮ್ನೆ 'ಶೌರ್ಯ ಪ್ರಶಸ್ತಿ' ಎಂದು ಬಿಡಬೇಡಿ. ಅವರು ಮಾಡಿದ್ದನ್ನು ಕನ್ನಡದಲ್ಲಿ ಬರೆಯಿರಿ. ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ವಿವರ ಸಿಗುತ್ತದೆ. ಸೈನ್ಯದ ಇಂಗ್ಲಿಷ್ ಅರ್ಥ ಮಾಡಿಕೊಳ್ಳಲು ಕಷ್ಟವಾದರೆ ನನ್ನ ಫೋನ್ ನಂಬರ್ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಅನುವಾದ ನಾನು ಮಾಡಿಕೊಡುತ್ತೇನೆ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಇಂತಿ ನಿಮ್ಮ ಓದುಗ,
ನಿವೃತ್ತ ಸುಬೇದಾರ್ (ಕ್ಲರ್ಕ್)