ಶನಿವಾರ ತ್ಯಾಜ್ಯದ ಕೋಣೆ ತೆರೆಯುತ್ತೇವೆ, ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ವಿಕಿರಣ ತ್ಯಾಜ್ಯದ ಕೋಣೆ ತೆರೆದು, ಅವಧಿ ಮುಗಿದ ಚೀಲಗಳನ್ನು ಹೊರಗೆ ಕಳಿಸುವುದಿದೆ. ಟೆಕ್ನಿಷಿಯನ್, ನರ್ಸ್, ಹೌಸ್‌ಕೀಪಿಂಗ್‌ನವರು ಎಲ್ಲರೂ ಗಮನಿಸಿ.

ನಾವು ಬಳಸುವ ವಿಕಿರಣ ವಸ್ತು ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ, 8 ದಿನ. ಅಂಥ ಹತ್ತು ಅವಧಿ, ಅಂದರೆ 80 ದಿನ ಇಟ್ಟರೆ ವಿಕಿರಣ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು ವಸ್ತು ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ ಬರೀ 6 ಗಂಟೆ, ಅದಕ್ಕೆ ಎರಡೂವರೆ ದಿನ ಸಾಕು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಇಡೀ ಚೀಲ 80 ದಿನ ಕೂರುತ್ತದೆ ಮಾರಾಯ್ರೆ, ಜಾಗ ಎಲ್ಲಿದೆ?

ದಿನ ಮುಗಿಯಿತು ಅಂತ ಸುಮ್ನೆ ಎಸೆಯುವ ಹಾಗೂ ಇಲ್ಲ. ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ಬ್ಯಾಕ್‌ಗ್ರೌಂಡ್ ಮಟ್ಟಕ್ಕೆ (ಸುತ್ತಲಿನ ಸಹಜ ವಿಕಿರಣದ ಮಟ್ಟಕ್ಕೆ) ಬಂದಿದೆಯಾ ನೋಡಿ, ರಿಜಿಸ್ಟರಿನಲ್ಲಿ ಬರೆದು, ವಿಕಿರಣ ಚಿಹ್ನೆಯ ಸ್ಟಿಕ್ಕರ್ ಕಿತ್ತ ಮೇಲೆಯೇ ಅದು ಮಾಮೂಲಿ ಆಸ್ಪತ್ರೆ ತ್ಯಾಜ್ಯದ ಜೊತೆ ಹೋಗಬೇಕು. 1987ರ ವಿಕಿರಣ ತ್ಯಾಜ್ಯ ನಿಯಮಗಳಿವೆ, ಎಇಆರ್‌ಬಿಯವರು (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಬಂದರೆ ಮೊದಲು ಕೇಳುವುದು ಈ ರಿಜಿಸ್ಟರನ್ನೇ ಅಲ್ವಾ.

ನಮ್ಮ ಮಂಗಳೂರಿನ ಮಳೆ ಗೊತ್ತಲ್ಲ, ಚೀಲಗಳನ್ನು ನೆಲದಲ್ಲಿಡಬೇಡಿ, ಟ್ರೇ ಮೇಲಿಡಿ. ಒಳಗೆ ನೀರು ಕಂಡರೆ ಚರಂಡಿಗೆ ತಳ್ಳದೆ ತಕ್ಷಣ ಆರ್‌ಎಸ್‌ಒಗೆ (ವಿಕಿರಣ ಸುರಕ್ಷತಾ ಅಧಿಕಾರಿ) ಫೋನ್ ಮಾಡಿ.

ಗರ್ಭಿಣಿಯರು ಈ ಕೆಲಸಕ್ಕೆ ಬರುವುದು ಬೇಡ. ಉಳಿದವರು ಮೈಗೆ ತಗಲುವ ವಿಕಿರಣ ಅಳೆಯುವ ಬ್ಯಾಡ್ಜ್, ಗ್ಲೌಸ್ ಹಾಕಿಕೊಂಡೇ ಬನ್ನಿ. ಬರುವವರು ಗುರುವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಬರೀ ಹೆಬ್ಬೆರಳು ಒತ್ತಿದರೆ ಯಾರು ಬರುತ್ತಾರೆ ಅಂತ ಗೊತ್ತಾಗುವುದಿಲ್ಲ.